ಬ್ರಾಕೆಟ್ಟಿನೊಳಗಿನ ಸೊನ್ನೆ

ಎರಡು ಸಾವಿರದ ಇಸವಿ ಕಳೆದ ಹೊಸತು. ಬೆಂಗಳೂರಿನ ಪೀಣ್ಯದಲ್ಲಿ ಗೇರ್ ತಯಾರಿಸುವ ಒಂದು ಶೆಡ್ಡಿನಲ್ಲಿ ನಾನು ಫೋನು, ಟೈಪಿಂಗು ನೋಡಿಕೊಳ್ಳುತ್ತಿದ್ದೆ. ಶೆಡ್ಡಿನ ಯಜಮಾನರು ಲೇತ್ ಮುಂದೆ ನಿಂತು ದುಡಿದೇ ಮೇಲೆ ಬಂದವರು. ಒಂದು ಬೆಳಿಗ್ಗೆ ಜರ್ಮನಿಯಿಂದ ಫ್ಯಾಕ್ಸ್ ಬಂತು: ನಿಮ್ಮ ಗೇರ್ ಬಗ್ಗೆ ಮಾತಾಡಬೇಕು, ಫೋನ್ ಮಾಡಿ.

ಯಜಮಾನರಿಗೆ ಅಂದು ಊಟವೇ ಸೇರಲಿಲ್ಲ. ಅಲ್ಲಿ ಆಫೀಸು ತೆರೆಯುವ ಹೊತ್ತಿಗೆ ನಮಗೆ ಮಧ್ಯಾಹ್ನ. ಸದ್ದಾಗಬಾರದೆಂದು ಮಷೀನುಗಳನ್ನೆಲ್ಲ ನಿಲ್ಲಿಸಿದರು. ಕೆಲಸಗಾರರು ಎಣ್ಣೆಗೈ ಒರೆಸಿಕೊಳ್ಳುತ್ತ ನನ್ನ ಮೇಜಿನ ಸುತ್ತ ನಿಂತರು. ಫ್ಯಾಕ್ಸಿನಲ್ಲಿ ಮೊದಲು ಪ್ಲಸ್ ಗುರುತು, ಜರ್ಮನಿಯ ಕೋಡ್ 49, ಬ್ರಾಕೆಟ್ಟಿನಲ್ಲೊಂದು ಸೊನ್ನೆ, ಆಮೇಲೆ ಊರಿನ ಕೋಡು, ನಂಬರು. ಪ್ಲಸ್ ಇದ್ದಲ್ಲಿ ಎರಡು ಸೊನ್ನೆ ಒತ್ತಬೇಕೆಂದು ಗೊತ್ತಿತ್ತು. ಉಳಿದದ್ದನ್ನು ಇದ್ದ ಹಾಗೇ ಒತ್ತಿ ರಿಸೀವರ್ ಅವರ ಕೈಗೆ ಕೊಟ್ಟೆ.

"ಗುಡ್ ಆಫ್ಟರ್‌ನೂನ್ ಮೇಡಂ!" ಎಂದ ಯಜಮಾನರು, ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನೆಲ್ಲ ಒಪ್ಪಿಸಿದರು. ಆಮೇಲೆ ನನ್ನತ್ತ ತಿರುಗಿದರು. "ಏನಮ್ಮಾ ಇವ್ರು, ನಂಗೆ ಮಾತಾಡೋಕೇ ಬಿಡ್ತಿಲ್ಲ. ಹೇಳಿದ್ದೇ ಹೇಳ್ತಾರೆ!"

ನಾನು ಕಿವಿಗೊಟ್ಟೆ. "ಸಾರ್, ಇದು ರೆಕಾರ್ಡಿಂಗು. ನಂಬರ್ ತಪ್ಪು ಅಂತಿರ್ಬೇಕು."

ಶೆಡ್ಡೆಲ್ಲ ಗೊಳ್ಳೆಂದಿತು. ಯಜಮಾನರೂ ನಕ್ಕರು, ಆದರೆ ಮುಖ ಸಣ್ಣದಾಗಿತ್ತು.

ಮದುವೆಯಾಗಿ ದುಬೈಗೆ ಹೋದ ನನ್ನಕ್ಕ ಮೊದಮೊದಲು ಮನೆಗೆ ಫೋನ್ ಸಿಗದೆ ಒದ್ದಾಡಿದ್ದು ನನಗೆ ನೆನಪಾಯಿತು. ಭಾರತದ 91 ಒತ್ತಿದ ಮೇಲೆ ಬೆಂಗಳೂರಿಗೆ 080 ಬೇಡ, ಬರೀ 80 ಸಾಕೆಂದು ಅವಳಿಗೆ ಆಮೇಲೆ ತಿಳಿದಿತ್ತು.

"ಸಾರ್, ಈ ಸೊನ್ನೆ ಆ ದೇಶದೊಳಗೇ ಫೋನ್ ಮಾಡೋರಿಗೆ ಇರ್ಬೇಕು. ನಾವು ಬಿಟ್ಬಿಡೋಣ."

ರಿಂಗಾಯಿತು! ಈ ಸಲ ನಿಜವಾದ ಮನುಷ್ಯನ ದನಿ. ಖುಷಿಯಲ್ಲಿ ಯಜಮಾನರಿಗೆ ಇಂಗ್ಲಿಷೇ ಮರೆತುಹೋಯಿತು. "ನಮಸ್ಕಾರ ಸಾರ್, ಚೆನ್ನಾಗಿದೀರಾ?" ಎಂದುಬಿಟ್ಟರು. ಆ ಕಡೆಯವರು ನಗುತ್ತ "ನಮಸ್ತೆ" ಎಂದದ್ದು ನನಗೂ ಕೇಳಿಸಿತು. ಸ್ಯಾಂಪಲ್ ಕಳಿಸಲು ಮಾತಾಯಿತು. ಮಳೆಗಾಲ ಮುಗಿಯುವುದರೊಳಗೆ ಮೊದಲ ಪೆಟ್ಟಿಗೆ ಹೊರಟೂಬಿಟ್ಟಿತು.

ಅಲ್ಲಿಂದಾಚೆ ವಿದೇಶಕ್ಕೆ ಫೋನ್ ಮಾಡಬೇಕಾದ ಅಕ್ಕಪಕ್ಕದ ಶೆಡ್ಡಿನವರು ನಮ್ಮಲ್ಲಿಗೇ ಬರತೊಡಗಿದರು. ಯಜಮಾನರು ಅವರನ್ನು ಕೂರಿಸಿ, ಕಾಫಿ ತರಿಸಿ, "ಮೊದ್ಲು ದೇಶದ್ದು, ಆಮೇಲೆ ಊರಿಂದು. ಊರಿನ ಕೋಡ್ ಮುಂದೆ ಸೊನ್ನೆ ಗಿನ್ನೆ ಇದ್ರೆ ಬಿಟ್ಬಿಡಿ ಕಣ್ರೀ" ಎಂದು ಪಾಠ ಹೇಳುತ್ತಿದ್ದರು.

ಒಬ್ಬರು ಇಟಲಿಯ ನಂಬರು ತಂದರು. ಸೊನ್ನೆ ಬಿಟ್ಟು ಎಷ್ಟು ಸಲ ಒತ್ತಿದರೂ ಹೋಗಲಿಲ್ಲ. ಹಾಕಿ ನೋಡಿದರೆ ತಕ್ಷಣ ರಿಂಗಾಯಿತು.

"ಅವ್ರ ಮನೆ ಪದ್ಧತಿ ಬೇರೆ ಕಣ್ರೀ" ಎಂದ ಯಜಮಾನರು, ಒಂಚೂರೂ ಅಳುಕದೆ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಹೇಳಿದರು.