ಉಡಿ ತುಂಬಿಸಿಕೊಳ್ಳದ ಅಕ್ಕ

ನಮ್ಮ ಮನೆಗೆ ಬಂದವರೆಲ್ಲ ಒಳ್ಳೆಯವರು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರು ಪಕ್ಷದ ಗಟ್ಟಿ ಮಾತನ್ನು ಒಪ್ಪಿಕೊಂಡೇ ವಾದ ಶುರು ಮಾಡಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೇನೆ. ಅವರು ಅಕ್ಕಿ ತಂದರು, ತೆಂಗಿನಕಾಯಿ ತಂದರು, ಕುಪ್ಪಸದ ಖಣ ತಂದರು, ಕಣ್ಣಲ್ಲಿ ನೀರೂ ತಂದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೂ ನನ್ನ ಅಕ್ಕನನ್ನು ಮೂಲೆಗೆ ಕೂರಿಸಿದವರು ಅವರೇ ಎಂಬುದು ನನ್ನ ವಾದ. ಅಪಘಾತದಲ್ಲಿ ಮುರಿದದ್ದು ಅವಳ ಭುಜದ ಎಲುಬು, ಅದು ಕೂಡಿಕೊಂಡಿತು. ಉಳಿದದ್ದನ್ನು ಮುರಿದವರು ಉಡಿ ತುಂಬಲು ಬಂದವರು.

ನಡೆದದ್ದು ಇಷ್ಟು. ಧಾರವಾಡದಿಂದ ಬೇರೆಯಾಗಿ ಗದಗ ತಾನೇ ಒಂದು ಜಿಲ್ಲೆಯಾದ ಹೊಸತು. ಅಕ್ಕ ಬೆಟಗೇರಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಶಿರಹಟ್ಟಿಗೆ ಹೋಗಿ ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅದೇ ಶಾಲೆಯಲ್ಲಿ ಅವಳಿಗೊಬ್ಬ ಗೆಳತಿ, ಲಕ್ಷ್ಮೇಶ್ವರದ ಬಳೆ ವ್ಯಾಪಾರಿಯ ಮಗಳು. ಆ ಗೆಳತಿಯ ಅಣ್ಣನ ಮದುವೆ ಗೊತ್ತಾಗಿತ್ತು. ನಮ್ಮಪ್ಪ ಕೈಮಗ್ಗದ ನೇಕಾರ; ಮದುವೆಗೆ ಸೀರೆ ನೋಡಲೆಂದು ಅವಳು ಆ ದಿನ ಶಾಲೆ ಬಿಟ್ಟ ಮೇಲೆ ಅಕ್ಕನ ಜೊತೆ ನಮ್ಮ ಮನೆಗೆ ಹೊರಟಳು. ಬಸ್ಸಿನಲ್ಲಿ ಅವಳಿಗೆ ಹೊಟ್ಟೆ ತೊಳಸತೊಡಗಿತು. ಅಕ್ಕ ತನ್ನ ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಮುಸ್ಸಂಜೆಯಾಗಿತ್ತು. ರಸ್ತೆಯ ಅಂಚಿಗೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರೊಂದು ಕಬ್ಬಿಣದ ಸಳಿಗಳನ್ನು ಹೇರಿಕೊಂಡು ನಿಂತಿತ್ತು. ಬಸ್ಸಿನಲ್ಲಿ ಅವರು ಕೂತಿದ್ದ ಮಗ್ಗುಲು ಅದಕ್ಕೆ ಉಜ್ಜಿಕೊಂಡು ಹೋಯಿತು. ಗೆಳತಿ ಅಲ್ಲೇ ತೀರಿಕೊಂಡಳು.

ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಗಳಿಗೆ ನಮ್ಮ ಮಂದಿ ಉಡಿ ತುಂಬುತ್ತಾರೆ. ಸೆರಗು ಹಿಡಿಸಿ, ಅದರಲ್ಲಿ ಅಕ್ಕಿ, ಕಾಯಿ, ಖಣ ಹಾಕಿ, ಜೀವಕ್ಕೆ ಬಂದ ಗಂಡಾಂತರ ಕಳೆಯಿತು ಎಂದು ಹರಸುತ್ತಾರೆ. ಅಕ್ಕ ದವಾಖಾನೆಯಿಂದ ಬಂದ ಮೇಲೆ ಮೊದಲು ಉಡಿ ತುಂಬಿದವಳು ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ.

“ನಿನ್ನ ಗಂಡಾಂತರ ಆ ಹುಡಗಿ ಮ್ಯಾಲ ಹೋತವಾ. ನಿನ್ನ ಬದ್ಲಿ ಅಕಿ ಹೋದ್ಲು. ದೇವರು ದೊಡ್ಡಾಂವ.”

“ಹಂಗಾರ ಆ ಹುಡಗಿ ಪಾಲಿಗೆ ದೇವರು ಸಣ್ಣಾಂವ ಏನ್ ದೊಡ್ಡವ್ವಾ?” ಎಂದೆ ನಾನು.

“ನೋಡ್ರಿ ಇಕಿ ಬಾಯಿ! ಕಾಲೇಜಿಗೆ ಕಳಿಸಿದ್ರ ಕಪ್ ಗೆದ್ಕೊಂಡು ಬರತಾಳಂತ ಮಾಡಿದ್ವಿ. ಕಪ್ಪಿನ ಜೋಡಿ ಈ ನಾಲಿಗೀನೂ ತಂದಾಳ.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹಿಡಿದಿದ್ದ ಸೆರಗು ಬಿಟ್ಟಳು. ಅಕ್ಕಿ ನೆಲಕ್ಕೆ ಚೆಲ್ಲಿತು, ಕಾಯಿ ಉರುಳಿ, ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಬಿತ್ತು. ಅಪಶಕುನ ಎಂದು ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಯಾರು ಕೈಚೀಲ ಹಿಡಿದು ಒಳಗೆ ಬಂದರೂ ಅಕ್ಕ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಬಂದವರೆಲ್ಲ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದು ಅದೊಂದನ್ನೇ. ಜಾಗ ಬಿಟ್ಟುಕೊಡುವ ಬುದ್ಧಿ ಆ ಹೊತ್ತಿಗೆ ಹೇಗೆ ಬಂತು ನೋಡು, ನಿನ್ನ ಆಯುಷ್ಯ ಗಟ್ಟಿ. ಸಮಾಧಾನ ಅಂತೆ! ನನ್ನ ಅಕ್ಕ ಬದುಕಿದ್ದಕ್ಕೆ ಇನ್ನೊಬ್ಬಳ ಜೀವ ಸಂದಾಯವಾಗಿದೆ ಎಂದು ಹೇಳಿ, ಅದರ ಮೇಲೆ ಖಣ ಇಟ್ಟು, ಚಹಾ ಕುಡಿದು ಹೋಗುವುದು. ಇಂಥ ಸಮಾಧಾನ ಹೊತ್ತುಕೊಂಡವಳಿಗೆ ನಿದ್ದೆ ಹೇಗೆ ಬರಬೇಕು?

ಬರಲಿಲ್ಲ. ಓಣಿಯಲ್ಲಿ ಟ್ರ್ಯಾಕ್ಟರ್ ಸಪ್ಪಳವಾದರೆ ಅವಳ ಮೈ ಮರಗಟ್ಟುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಮಗ್ಗದ ಲಾಳಿಯ ಖಟ್ ಖಟ್ ಸದ್ದಿಗೂ ಬೆಚ್ಚತೊಡಗಿದಳು. ಅವಳು ಹಿತ್ತಲಲ್ಲಿದ್ದಾಗ ಮಾತ್ರ ಅಪ್ಪ ನೇಯುತ್ತಿದ್ದ. ಏನು ಕೇಳಿದರೂ “ಹೂಂ” ಎನ್ನುವಳು. ಬಸ್ ಸ್ಟ್ಯಾಂಡಿನ ಕಡೆಯ ರಸ್ತೆಯನ್ನೇ ಬಿಟ್ಟಳು. ಲಕ್ಷ್ಮೇಶ್ವರದ ಹೆಸರೆತ್ತಿದರೆ ಎದ್ದು ಹೋಗುವಳು. ಅಪಘಾತವಾದ ಮೇಲೆ ಗೆಳತಿಯ ಮನೆಗೆ ಒಮ್ಮೆಯೂ ಹೋಗಿರಲಿಲ್ಲ.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಬರದಿದ್ದರೆ ಬೇರೆ ಟೀಚರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯಿಂದ ಖಬರ ಬಂತು. ದೊಡ್ಡವ್ವನಿಗೆ ಇದು ಚೊಲೋ ಸುದ್ದಿ. “ನೌಕರಿ ಬಿಡಸ್ರಿ. ಒಂದು ವರಾ ನೋಡ್ರಿ. ಮಕ್ಕಳಾದ್ರ ಎಲ್ಲಾ ಮರೀತಾಳ.” ಅಪ್ಪ ಅದಕ್ಕೂ ಹೂಂ ಎಂಬಂತೆ ತಲೆ ಆಡಿಸಿದ. ಆ ಕೆಲಸಕ್ಕಾಗಿ ಅಕ್ಕ ಎಷ್ಟು ಹಟ ಹಿಡಿದಿದ್ದಳು, ಎರಡು ದಿನ ಉಣ್ಣದೆ ಹೇಗೆ ಗೆದ್ದಿದ್ದಳು ಎಂಬುದನ್ನು ನೋಡಿದವಳು ನಾನು. ಸುಮ್ಮನೆ ಬಿಡುವುದು ನನ್ನಿಂದ ಆಗುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಅವಳ ಎದುರು ಕೂತು ವಾದ ಹೂಡಿದೆ. ಟ್ರ್ಯಾಕ್ಟರ್ ಅಲ್ಲಿರುವುದು ನಿನಗೆ ಗೊತ್ತಿತ್ತೇ? ಇಲ್ಲ. ದೀಪ ಕೆಡಿಸಿದವಳು ನೀನೇ? ಅಲ್ಲ. ವಾಂತಿ ಬರುವವಳಿಗೆ ಕಿಟಕಿ ಕೊಡುವುದು ತಪ್ಪೇ? ಅಲ್ಲ. ಅಂದ ಮೇಲೆ ಅಪರಾಧ ಎಲ್ಲಿದೆ?

“ನೀ ಗೆದ್ದಿ,” ಎಂದಳು ಅಕ್ಕ. “ಆತಿಲ್ಲೋ? ಈಗ ಸುಮ್ನ ಕುಂಡ್ರು.”

“ನಾ ಗೆಲ್ಲಾಕ ಬಂದಿಲ್ಲ.”

“ಗೆಲ್ಲಾಕ ಬಂದಿ. ನಿನಗ ಬ್ಯಾರೆ ಏನು ಬರತೈತಿ?” ಆಮೇಲೆ ತಾನಾಗಿಯೇ ಹೇಳಿದಳು: “ನನ್ನ ತಪ್ಪಾಗಿದ್ರ, ಮುಂದ ಹಂಗ ಮಾಡಲಾರದ ಇರಬಹುದು. ಯಾರದೂ ತಪ್ಪಲ್ಲಂದ್ರ? ನಾಳೆ ಯಾವ ಬಸ್ಸಿನ್ಯಾಗ ಬೇಕಾದ್ರೂ ಮತ್ತ ಆಗಬಹುದಲ್ಲಲೇ. ಅದನ್ನ ಇಟ್ಕೊಂಡು ನಾ ಹೆಂಗ ಹೊರಗ ಬರ್ಲಿ?”

ಅವಳು ಆ ಅಪರಾಧವನ್ನು ಹಿಡಿದುಕೊಂಡಿದ್ದು ದಡ್ಡತನದಿಂದಲ್ಲ. ಬಿಟ್ಟರೆ ಹಿಡಿಯಲು ಬೇರೇನೂ ಇರಲಿಲ್ಲ.

ಕಚೇರಿಗಳೆಲ್ಲ ಗದಗಿಗೆ ಬಂದಿದ್ದವು; ಮನಸ್ಸಿನ ಡಾಕ್ಟರ ಬಳಿ ಹೋಗಲು ಮಾತ್ರ ನಮಗೆ ಇನ್ನೂ ಧಾರವಾಡವೇ ಗತಿ. ಅದೊಂದು ಬೈಗುಳವೂ ಹೌದು. ಹುಚ್ಚುಚ್ಚಾಗಿ ಆಡಿದವರಿಗೆ “ಧಾರವಾಡಕ್ಕ ಕಳಸ್ಬೇಕು ನಿನ್ನ” ಎನ್ನುವುದು ನಮ್ಮ ಕಡೆಯ ರೂಢಿ. ಅಪ್ಪನನ್ನು ಒಪ್ಪಿಸಿದೆ. ಅಕ್ಕ ಬಸ್ಸು ಬೇಡವೆಂದಳು, ರೈಲಿನಲ್ಲಿ ಹೊರಟೆವು. ಎಲುಬಿನ ಫೋಟೋ ತೆಗೆಸಲು ಹೋಗುತ್ತಿದ್ದೇವೆ ಎಂದು ಓಣಿಗೆಲ್ಲ ಹೇಳಬೇಕೆಂಬುದು ದೊಡ್ಡವ್ವನ ಕರಾರು. ಪಕ್ಕದ ಮನೆಯವರು ಕೇಳಿದಾಗ ನಾನು ಗಟ್ಟಿಯಾಗಿಯೇ ಹೇಳಿದೆ: “ಎಲುಬು ನೆಟ್ಟಗ ಐತ್ರಿ. ಮನಸ್ಸಿಗೆ ಪೆಟ್ಟು ಬಿದ್ದೈತಿ, ಅದರ ಡಾಕ್ಟರ ಹತ್ರ ಹೊಂಟೀವಿ.” ದೊಡ್ಡವ್ವ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಳು. ನಷ್ಟವೇನೂ ಆಗಲಿಲ್ಲ.

ಡಾಕ್ಟರು ಗುಳಿಗೆ ಕೊಟ್ಟರು, ಧೈರ್ಯ ತಗೋ ಎಂಬ ಮಾತು ಆಡಲಿಲ್ಲ. ಹೋದಾಗಲೆಲ್ಲ ಪ್ರಶ್ನೆ ಕೇಳುತ್ತಿದ್ದರು, ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಒಂದು ಸಲ, ಎಲ್ಲಕ್ಕಿಂತ ಹೆಚ್ಚು ಯಾವುದಕ್ಕೆ ಅಂಜುತ್ತೀ ಎಂದರು. ಬಸ್ಸು ಅನ್ನುತ್ತಾಳೆಂದು ನಾನು ಕಾದೆ. ಅಕ್ಕ, “ಅಕಿ ಅವ್ವನ ಮಾರಿ ನೋಡಾಕ,” ಎಂದಳು.

ರಜೆ ಮುಗಿಯುವ ಮುಂಚೆ ಒಂದು ಮುಂಜಾನೆ, ಲಕ್ಷ್ಮೇಶ್ವರಕ್ಕೆ ಹೋಗೋಣ ಎಂದಳು. ಬಸ್ಸಿನಲ್ಲಿ ಇಡೀ ದಾರಿ ನನ್ನ ಮುಂಗೈ ಹಿಡಿದಿದ್ದಳು. ಇಳಿದಾಗ ಅವಳ ಉಗುರಿನ ಗುರುತುಗಳು ನನ್ನ ಚರ್ಮದ ಮೇಲೆ ಮೂಡಿದ್ದವು.

ಗೆಳತಿಯ ತಾಯಿ ಬಾಗಿಲಲ್ಲೇ ನಿಂತು ಅವಳನ್ನು ನೋಡಿದರು. “ಈಗ ಬಂದ್ಯಾ, ಬೇಟಿ? ಎಷ್ಟು ದಾರಿ ಕಾದೆ ನಿಂದು! ಕಡೀಗೆ ಅಕಿ ಜೋಡಿ ಇದ್ದಾಕಿ ನೀನೊಬ್ಬಾಕಿ. ನಿನ್ನ ಬಿಟ್ಟು ನಾ ಯಾರಿಗೆ ಕೇಳ್ಬೇಕಿತ್ತು?”

ಸಿಟ್ಟೇ ಅದು. ಅಕ್ಕ ಹೊಸ್ತಿಲ ಹೊರಗೇ ನಿಂತು, ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು: “ಕಿಡಕಿ ಜಾಗಾ ನಂದಿತ್ತು, ಚಾಚಿ. ನಾನ ಬಿಟ್ಟುಕೊಟ್ಟೆ.”

“ಓಕರಿಕಿ ಬಂದಿತ್ತೇನು ಅಕಿಗೆ?”

“ಹೂಂ.”

“ಸಣ್ಣಾಕಿದ್ದಾಗಿಂದ ಹಂಗ ಅಕಿ. ಕಿಡಕಿ ಕೊಡಲಿಲ್ಲಂದ್ರ ನನ್ನ ಜೋಡೀನೂ ಜಗಳಾ ತಗೀತಿದ್ಲು.” ಅವರು ಅಕ್ಕನ ಕೈ ಹಿಡಿದು ಒಳಗೆ ಎಳೆದುಕೊಂಡರು. “ಕೊಟ್ಟಿದ್ದು ಚೊಲೋ ಆತು. ಗಾಳಿಯರ ಸಿಕ್ತಲ್ಲ ಅಕಿಗೆ.”

ಅಕ್ಕ ಆಗ ಆ ಮಾತನ್ನೂ ಹೊರಗೆ ಹಾಕಿದಳು: “ನನ್ನ ಬದ್ಲಿ ಅಕಿ ಹೋದ್ಲಂತ ಎಲ್ಲಾರೂ ಅಂತಾರ.”

“ನಮ್ಮ ಓಣ್ಯಾಗೂ ಅಂದ್ರು. ಬಾಗಲಾ ತೋರಿಸಿ ಕಳಿಸೀನಿ.” ತಾಯಿಯ ದನಿ ಏರಿತು. “ನನ್ನ ಮಗಳು ಯಾರ ಬದ್ಲೀನೂ ಅಲ್ಲ. ಯಾರದರ ಗಂಡಾಂತರ ಹೊರಾಕ ಅಂತ ಹಡದಿದ್ನೇನು ಅಕಿನ್ನ? ಟ್ರ್ಯಾಕ್ಟರ್‌ದಾಂವ ದೀಪಾ ಹಚ್ಚಲಿಲ್ಲ, ನನ್ನ ಮಗಳು ಸತ್ಲು. ಅಷ್ಟ. ನಿನ್ನ ಜೀವಾ ನಿಂದು, ಅದರಾಗ ಅಕೀನ್ನ ಕೂಡಸ್ಬ್ಯಾಡ.”

ನನ್ನ ಯಾವ ವಾದದಲ್ಲೂ ಈ ಅಂಶ ಬಂದಿರಲಿಲ್ಲ. ಅಕ್ಕನಿಗೆ ಹೇಳಿದ ಸಮಾಧಾನ ಸತ್ತವಳಿಗೆ ಮಾಡಿದ ಅವಮಾನ ಎಂಬುದು. ಅಕ್ಕ ಅತ್ತಳು, ನಮ್ಮ ಮನೆಯಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಆಮೇಲೆ ಮಧ್ಯಾಹ್ನದವರೆಗೂ ತಾಯಿ ಕೇಳಿದ್ದಕ್ಕೆಲ್ಲ ಹೇಳಿದಳು: ಬಸ್ಸಿನಲ್ಲಿ ಅವಳು ಏನು ಮಾತಾಡಿದಳು, ಯಾವ ಬಣ್ಣದ ಸೀರೆ ಬೇಕೆಂದಿದ್ದಳು, ಆಗಲಿರುವ ಅತ್ತಿಗೆಯನ್ನು ಹೇಗೆ ಅಣಕಿಸಿ ನಗಿಸಿದಳು. ತಾಯಿ ಒಮ್ಮೆ ನಕ್ಕೂಬಿಟ್ಟರು.

ಹಿಂದಿರುಗುವಾಗ ಅಕ್ಕ ಶಿರಹಟ್ಟಿಯಲ್ಲಿ ಇಳಿದು ನೇರ ಹೆಡ್‌ಮಾಸ್ತರರ ಮನೆಗೆ ನಡೆದಳು. ಬೇಡಿಕೊಳ್ಳುತ್ತಾಳೇನೋ ಎಂದುಕೊಂಡಿದ್ದೆ. ಅವಳು ಷರತ್ತು ಹಾಕಿದಳು.

“ಶಾಲಿಗೆ ಬರತೀನ್ರಿ ಸರ್. ಆದ್ರ ಹೊತ್ತು ಮುಳುಗೂದ್ರಾಗ ನಾ ಮನಿ ಸೇರಬೇಕು. ಒಮ್ಮೊಮ್ಮೆ ನಡುದಾರ್ಯಾಗ ಇಳೀತೀನಿ, ಅವತ್ತು ತಡಾ ಆಗತೈತಿ. ಒಪ್ಪಿಗಿ ಇದ್ರ ಹೇಳ್ರಿ.”

“ಟೀಚರ್ ಆದಾವ್ರು ಮಕ್ಕಳ ಮುಂದ ಹಿಂಗ ಅಂಜಿದ್ರ ಹೆಂಗವಾ?”

“ಅಂಜಿಕಿ ಬಂದ್ರ, ಅಂಜಿಕಿ ಬಂದೈತಿ ಅಂತ ಮಕ್ಕಳಿಗೆ ಹೇಳ್ತೀನಿ. ಅವೂ ಅಂಜತಾವ್ರಿ. ಯಾರರ ಒಬ್ರು ಖರೆ ಹೇಳಬೇಕಲ್ಲ.”

ಅವರು ನನ್ನ ಕಡೆ ನೋಡಿದರು. ಈ ಸಲ ಮಾತಾಡಿದವಳು ನಾನಲ್ಲ. ಅವರು ಹೂಂ ಎಂದರು.

ಅಕ್ಕ ವಾಸಿಯಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಶಾಲೆ ಶುರುವಾದ ಮೊದಲ ವಾರವೇ ಎದುರಿಗೆ ಒಂದು ಲಾರಿ ಬಂದದ್ದಕ್ಕೆ ಬಸ್ಸು ನಿಲ್ಲಿಸಿ ಹೊಲದ ನಡುವೆ ಇಳಿದುಬಿಟ್ಟಳಂತೆ. “ಏನಾತವಾ?” ಎಂದು ಕಂಡಕ್ಟರ್ ಕೇಳಿದ್ದಕ್ಕೆ, “ಅಂಜಿಕಿ ಬಂತು,” ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳಂತೆ. ಬೇವಿನ ಗಿಡದ ಕೆಳಗೆ ನಿಂತು, ಉಸಿರು ನೆಟ್ಟಗಾದ ಮೇಲೆ, ಹಿಂದಿನಿಂದ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದಳು. ಅವಳು ಶಾಲೆ ಮುಟ್ಟಿದಾಗ ಮಕ್ಕಳು ಆಗಲೇ ಪ್ರಾರ್ಥನೆ ಮುಗಿಸಿ ಒಳಗೆ ಕೂತಿದ್ದರು. ಹಾಜರಿ ಕರೆದಳು.