ಕೂಸಿನ ನೆತ್ತಿಯ ಹಳದಿ ಪೊರೆ

ಮೊದಲು ಉದುರಿದ್ದು ಹುಬ್ಬಿನಿಂದ.

ಕೂಸಿಗೆ ಹಾಲು ಕುಡಿಸುತ್ತಿದ್ದೆ. ಬಗ್ಗಿ ನೋಡುವಾಗ ಅದರ ಕೆನ್ನೆಯ ಮೇಲೆ ಬಿಳಿ ಚೂರೊಂದು ಬಿತ್ತು. ಹತ್ತಿಯ ಎಳೆ ಇರಬೇಕೆಂದು ಊದಿದೆ. ಇನ್ನೊಂದು ಬಿತ್ತು. ಹುಬ್ಬು ಮುಟ್ಟಿಕೊಂಡರೆ ಬೆರಳಿಗೆ ಜಿಡ್ಡು ಜಿಡ್ಡಾದ ಹೊಟ್ಟು ಅಂಟಿತು.

ತಲೆಹೊಟ್ಟು ನನಗೆ ಹೊಸದಲ್ಲ. ಧಾರವಾಡದಲ್ಲಿ ಓದುವಾಗ ಪರೀಕ್ಷೆ ಹತ್ತಿರ ಬಂತೆಂದರೆ ಅದೂ ಬರುತ್ತಿತ್ತು. ಕಪ್ಪು ಕುರ್ತಾ ಹಾಕದಿದ್ದರೆ ಆಯಿತು, ಜಾಹೀರಾತಿನಲ್ಲಿ ಕಂಡ ಶಾಂಪೂ ಹಚ್ಚಿದರೆ ಆಯಿತು ಎಂದುಕೊಂಡು ಇಷ್ಟು ವರ್ಷ ದೂಡಿದ್ದೆ. ಆದರೆ ಅದು ಹುಬ್ಬಿಗೆ, ಮೂಗಿನ ಪಕ್ಕಕ್ಕೆ, ಕಿವಿಯ ಹಿಂದಕ್ಕೆ ಇಳಿದದ್ದು ಇದೇ ಮೊದಲು. ಅದೂ ಹೆರಿಗೆಯಾದ ಮೇಲೆ, ಮಡಿಲಲ್ಲಿ ಕೂಸಿರುವಾಗ.

ನಾನು ಕೋಲ್ಕತ್ತಾದ ಬಾರಾನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಗಂಡ ಪ್ರವೀಣ ಟಾಲಿಗಂಜ್ ಕಡೆಯ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಬಸುರಿಯಾಗಿದ್ದಾಗ ನನ್ನ ಬಿ.ಪಿ. ಏರಿದ್ದರಿಂದ ಡಾಕ್ಟರು ಪ್ರಯಾಣ ಬೇಡವೆಂದರು. ಹಾಗಾಗಿ ನಾನು ತವರಿಗೆ ಹೋಗುವ ಬದಲು ತವರೇ ರೈಲು ಹತ್ತಿ ನನ್ನಲ್ಲಿಗೆ ಬಂತು. ಅವ್ವ ಧಾರವಾಡದಿಂದ ಬರುವಾಗ ಕೊಬ್ಬರಿ ಎಣ್ಣೆ, ಅಂಟಿನುಂಡೆ, ಲೋಬಾನ, ಉಣ್ಣೆಯ ಸ್ಕಾರ್ಫು ಎಲ್ಲ ಹೊತ್ತು ತಂದಿದ್ದಳು. ದುರ್ಗಾಪೂಜೆಗೆ ಇನ್ನೂ ದಿನಗಳಿದ್ದವು. ಕೂತಲ್ಲೇ ಬೆವರು ಇಳಿಯುವ ಕೋಲ್ಕತ್ತಾಕ್ಕೆ ಉಣ್ಣೆಯ ಸ್ಕಾರ್ಫು!

ನಮ್ಮ ಕಡೆ ಬಾಣಂತಿಯ ತಲೆಗೆ ಗಾಳಿ ತಾಗಬಾರದು. ನೆತ್ತಿಗೆ ಎಣ್ಣೆ ಒತ್ತಬೇಕು, ಸುಡು ಸುಡು ನೀರು ಹಾಕಬೇಕು, ಕೂದಲಿಗೆ ಲೋಬಾನದ ಹೊಗೆ ಹಿಡಿಯಬೇಕು, ಕಿವಿ ಮುಚ್ಚುವಂತೆ ತಲೆ ಕಟ್ಟಬೇಕು. ಅವ್ವ ಒಂದನ್ನೂ ಬಿಡಲಿಲ್ಲ. ಮೊದಲ ದಿನದ ಹೊಗೆಗೆ ಕೆಳಗಿನ ಮನೆಯ ಬಂಗಾಳಿ ಹೆಂಗಸು, ನಮ್ಮೆಲ್ಲರ ಮಾಶಿಮಾ, ಬೆಂಕಿ ಬಿದ್ದಿದೆಯೆಂದು ಬಕೆಟ್ ಹಿಡಿದು ಮೇಲೆ ಓಡಿ ಬಂದರು. ಅವರಿಗೆ ಚಹಾ ಕೊಟ್ಟು, ಹೀಗೆ ಹೀಗೆ ಎಂದು ಹಿಂದಿಯಲ್ಲಿ ತಿಳಿಸಿ ಕಳಿಸಿದೆವು.

"ಫ್ಯಾನ್ ಹಚ್ಚಬ್ಯಾಡ. ಹಸಿ ಮೈ ಐತಿ," ಎಂದು ಅವ್ವ ಸ್ವಿಚ್ಚಿನ ಪಕ್ಕದಲ್ಲೇ ಕೂರುತ್ತಿದ್ದಳು.

ಸ್ಕಾರ್ಫಿನೊಳಗೆ ಕೂದಲು ಒಣಗುತ್ತಲೇ ಇರಲಿಲ್ಲ. ಎಣ್ಣೆ, ಬೆವರು, ನೀರು ಮೂರೂ ಸೇರಿ ನೆತ್ತಿ ಉರಿಯುತ್ತಿತ್ತು. ಅವ್ವ ಅಡುಗೆಮನೆಗೆ ಹೋದಾಗ ಬಾಚಣಿಗೆಯ ತುದಿಯನ್ನು ಸ್ಕಾರ್ಫಿನೊಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಆ ಸುಖ ಎರಡು ಕ್ಷಣದ್ದು. ಆಮೇಲೆ ಇನ್ನಷ್ಟು ಉರಿ.

ಹುಬ್ಬು ತೋರಿಸಿದರೆ ಅವ್ವನ ಉತ್ತರ ತಯಾರಿತ್ತು. "ಉಷ್ಣ ಆಗೇತಿ. ಇನ್ನ ಸ್ವಲ್ಪ ಎಣ್ಣಿ ಹಚ್ಚಿದ್ರ ತಂಪ ಆಗತೈತಿ."

ಹುಬ್ಬಿಗೂ ಎಣ್ಣೆ ಬಿತ್ತು. ಹೊಟ್ಟು ಮೆತ್ತಗಾಗಿ ಮಾಯವಾದಂತೆ ಕಂಡಿತು. ಒಂದೆರಡು ದಿನದಲ್ಲಿ ಕೆಂಪಗಾಗಿ, ದಪ್ಪಗಾಗಿ ಮತ್ತೆ ಎದ್ದಿತು. ನಾನು ಫೋನಿನಲ್ಲಿ ಹುಡುಕತೊಡಗಿದೆ. ಸೆಬೊರಿಕ್ ಡರ್ಮಟೈಟಿಸ್ ಎಂಬ ಹೆಸರು ಸಿಕ್ಕಿತು. ಅದರ ಕೆಳಗೇ ಫಂಗಸ್ ಎಂಬ ಮಾತು. ಮುಂದಿನದನ್ನು ಓದುವ ತಾಳ್ಮೆ ನನಗೆ ಉಳಿಯಲಿಲ್ಲ. ಫಂಗಸ್ ಎಂದ ಮೇಲೆ ಹರಡಲೇಬೇಕಲ್ಲ?

ಮರುವಾರ ಕೂಸಿನ ಟೋಪಿ ತೆಗೆದಾಗ ನೆತ್ತಿಯ ಮೇಲೆ ಹಳದಿ ಪೊರೆ ಕಟ್ಟಿತ್ತು.

ಜಿಡ್ಡು ಜಿಡ್ಡಾಗಿ, ಹಾಲಿನ ಕೆನೆ ಒಣಗಿ ಅಂಟಿಕೊಂಡ ಹಾಗೆ. ಅದರ ಹುಬ್ಬಿನಲ್ಲೂ ಒಂದು ಗೆರೆ. ನನ್ನದೇ ಹುಬ್ಬು, ಪುಟ್ಟದಾಗಿ.

ನನ್ನಿಂದಲೇ ಬಂತು.

ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಹೇಳುವವಳು ನಾನು. ಅವರು ತಪ್ಪು ಮಾಡಿದರೆ ಅಂಕ ಕತ್ತರಿಸುವವಳೂ ನಾನೇ. ಆ ವಿದ್ಯೆಯೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ನನ್ನ ತಲೆಯಲ್ಲಿ ಇದೆ, ಕೂಸಿನ ತಲೆಗೆ ಬಂದಿದೆ, ನಡುವೆ ನನ್ನ ಕೈ ಇದೆ. ಇದಕ್ಕಿಂತ ಸಾಕ್ಷಿ ನನಗೆ ಬೇಕಿರಲಿಲ್ಲ.

ಅಂದಿನಿಂದ ನನ್ನದೇ ಒಂದು ಮಡಿ ಶುರುವಾಯಿತು. ಹಾಲು ಕುಡಿಸುವಾಗ ಮಾಸ್ಕು, ಹುಬ್ಬು ಮುಚ್ಚುವಂತೆ ದುಪಟ್ಟಾ. ಸೋಪಿನಿಂದ ಕೈ ತಿಕ್ಕಿ ತಿಕ್ಕಿ ಚರ್ಮ ಬಿರಿಯಿತು. ಕುಡಿಸಿ ಮುಗಿದ ಕೂಡಲೇ ಕೂಸನ್ನು ಅವ್ವನ ಕೈಗೆ ಕೊಟ್ಟು ದೂರ ಕೂರುತ್ತಿದ್ದೆ. ಮುದ್ದು ಕೊಡಲಿಲ್ಲ. ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ. ಅದು ನನ್ನ ಮುಖ ಹುಡುಕುತ್ತಿತ್ತು. ಮಾಸ್ಕಿನ ಮೇಲೆ ಉಳಿದ ಕಣ್ಣುಗಳನ್ನೇ ನೋಡಿ ಸುಮ್ಮನಾಗುತ್ತಿತ್ತು.

ಅವ್ವ ಕೆಲವು ದಿನ ನೋಡಿದಳು. ಆಮೇಲೆ ಕೇಳಿಯೇ ಬಿಟ್ಟಳು. "ಯಾಕವಾ, ಕೂಸಿನ ಜೋಡಿ ಯಾಕ ಹಿಂಗ ಮಾಡಾಕತ್ತಿ? ಹೆಣ್ಣ ಹುಟ್ಟಿತಂತ ಏನರ..."

"ಏನ ಮಾತಾಡ್ತಿ ಅವ್ವಾ!" ಎಂದು ಕೂಗಿದೆ. ಕೂಸು ಬೆಚ್ಚಿ ಅತ್ತಿತು. ನಾನೂ ಅತ್ತೆ. ಅವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನ ಮೈಯ ಹೊಲಸು ಅದಕ್ಕೆ ಅಂಟಿದೆ ಎಂದು ಹೆತ್ತ ತಾಯಿಗೆ ಹೇಗೆ ಹೇಳುವುದು?

ಪ್ರವೀಣನಿಗೆ ಹೇಳಿದೆ. ಅದೂ ಸುತ್ತು ಬಳಸಿ. ಸಂಜೆ ಬರುವಾಗ ಪುಡಿ ಹಾಲಿನ ಡಬ್ಬಿ ತಾ, ನಾಳೆಯಿಂದ ನಾನು ಕುಡಿಸುವುದಿಲ್ಲ ಎಂದೆ.

ಅವನು ಬರಿಗೈಯಲ್ಲಿ ಬಂದ. "ಹಾಲ ಬಿಡಸೂದು ಅಂದ್ರ ಹುಡುಗಾಟಕಿ ಏನ? ನಿನಗ ನೀನ ಡಾಕ್ಟರ್ ಆಗಬ್ಯಾಡ. ನಾಳೆ ಹೋಗೂಣು. ನೀನೂ ತೋರಿಸ್ಕೊ, ಕೂಸಿಗೂ ತೋರಸೂಣು."

"ಹರಡೈತಿ ಅಂದ್ರ?"

"ಅಂದ್ರ ಆವಾಗ ಅಳೂಣು," ಎಂದ. ಅವನ ದನಿಯೂ ಗಟ್ಟಿ ಇರಲಿಲ್ಲ.

ಬಿ.ಟಿ. ರೋಡಿನ ಔಷಧಿ ಅಂಗಡಿಯೊಂದರ ಹಿಂದೆ ಚರ್ಮದ ಡಾಕ್ಟರೊಬ್ಬರ ಚೇಂಬರ್ ಇತ್ತು. ಐವತ್ತು ದಾಟಿದ ಹೆಂಗಸು. ನಮ್ಮ ಮೆರವಣಿಗೆ ಒಳಹೊಕ್ಕಿತು. ಸ್ಕಾರ್ಫು, ಮಾಸ್ಕು ಕಟ್ಟಿಕೊಂಡ ನಾನು, ಕೂಸನ್ನೆತ್ತಿಕೊಂಡ ಪ್ರವೀಣ, ಚೀಲ ಹಿಡಿದ ಅವ್ವ. ಡಾಕ್ಟರು ಮೊದಲು ನನ್ನ ಸ್ಕಾರ್ಫು ಬಿಚ್ಚಿಸಿದರು. ಲ್ಯಾಂಪ್ ಹಿಡಿದು ನೆತ್ತಿ, ಹುಬ್ಬು, ಕಿವಿಯ ಹಿಂಭಾಗ ನೋಡಿದರು. ಒಂದು ಬೆರಳಿನಿಂದ ಕೂದಲು ಮುಟ್ಟಿ, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ, "ಎಷ್ಟು ಎಣ್ಣೆ!" ಎಂದರು. ಅವರ ಹಿಂದಿ ಅವ್ವನಿಗೆ ಪೂರ್ತಿ ತಿಳಿಯುವುದಿಲ್ಲ. ಅನುವಾದ ಮಾಡುವ ಕಷ್ಟ ನನಗೆ ಬರಲಿಲ್ಲ. ಆ ಬೆರಳನ್ನು ನೋಡಿಯೇ ಅವ್ವನ ಮುಖ ಸಣ್ಣದಾಯಿತು.

ಆಮೇಲೆ ಕೂಸಿನ ನೆತ್ತಿ ನೋಡಿದರು.

"ಕ್ರೇಡಲ್ ಕ್ಯಾಪ್. ಎಷ್ಟೋ ಕೂಸುಗಳಿಗೆ ಆಗುತ್ತದೆ. ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ."

"ನನ್ನಿಂದ ಅಂಟಿದ್ದಲ್ಲವೇ?"

"ಅಲ್ಲ."

"ಆದರೆ ಇದು ಫಂಗಸ್..."

"ಆ ಯೀಸ್ಟ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ನನ್ನ ಮೇಲೆ, ನಿಮ್ಮ ಗಂಡನ ಮೇಲೆ. ನಿಮ್ಮ ಚರ್ಮ ಅದಕ್ಕೆ ಸಿಟ್ಟಾಗುತ್ತದೆ, ಅಷ್ಟೇ. ಇದು ಮುಟ್ಟಿದರೆ ಬರುವ ರೋಗವಲ್ಲ."

ಮುಟ್ಟಬಹುದೇ ಎಂದು ಮತ್ತೆ ಕೇಳಿದೆ. ಹಾಲು ಕುಡಿಸಬಹುದೇ, ಒಂದೇ ಹಾಸಿಗೆಯಲ್ಲಿ ಮಲಗಬಹುದೇ ಎಂದು ಬೇರೆ ಬೇರೆ ಮಾತಿನಲ್ಲಿ ಅದನ್ನೇ ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನ ಬಿರಿದ ಅಂಗೈಗಳನ್ನು ನೋಡಿದರು. ಅವರಿಗೆ ಎಲ್ಲ ತಿಳಿದಿರಬೇಕು. "ಮಾಸ್ಕ್ ತೆಗೆಯಿರಿ. ಆಕೆಗೆ ನಿಮ್ಮ ಮುಖ ಬೇಕು," ಎಂದರು.

ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ಪ್ರವೀಣ ಕೂಸನ್ನು ನನ್ನ ತೊಡೆಯ ಮೇಲಿಟ್ಟ.

ನನಗೆ ಕೀಟೊಕೊನಾಜೋಲ್ ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಮುಖಕ್ಕೊಂದು ಕ್ರೀಮು, ಕೆಲವೇ ದಿನ. ತಲೆಗೆ ಎಣ್ಣೆ ಬೇಡ, ಕಟ್ಟುವುದಂತೂ ಬೇಡವೇ ಬೇಡ. ಪೂರ್ತಿ ಗುಣವಾಗುತ್ತದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದರು. ಹೋಗುತ್ತದೆ, ಬರುತ್ತದೆ. ನಿದ್ದೆಗೆಟ್ಟಾಗ, ಚಿಂತೆಯಾದಾಗ, ಚಳಿಗಾಲದಲ್ಲಿ. ಬಂದಾಗ ಮತ್ತೆ ತೊಳೆಯಿರಿ, ಹೆದರಬೇಡಿ ಎಂದರು. ಕೂಸಿಗೆ ಸ್ನಾನಕ್ಕೆ ಸ್ವಲ್ಪ ಮೊದಲು ನೆತ್ತಿಗೆ ನಾಲ್ಕು ಹನಿ ಎಣ್ಣೆ ಸವರಿ, ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಬೇಬಿ ಶಾಂಪೂವಿನಲ್ಲಿ ಪೂರ್ತಿ ತೊಳೆದುಬಿಡಬೇಕು. ಉಗುರಿನಿಂದ ಕೀಳಬಾರದು.

ಇದನ್ನು ಕನ್ನಡದಲ್ಲಿ ಹೇಳಿದಾಗ ಅವ್ವನ ಮುಖಕ್ಕೆ ಜೀವ ಬಂತು. "ನೋಡಿದ್ಯಾ? ಎಣ್ಣಿ ಅಂತೂ ಬೇಕಾತಲ್ಲ!"

ದಾರಿಯಲ್ಲಿ ಟೋಟೋ ರಿಕ್ಷಾದೊಳಗೆ ಕೂತಾಗ ಮಾತ್ರ ಮೆತ್ತಗೆ ಹೇಳಿದಳು. "ನನ್ನ ಬಾಣಂತನದಾಗ ನಮ್ಮವ್ವ ಹಿಂಗ ಮಾಡಿದ್ಲು. ಅದಕ್ಕ ನಾನೂ ಮಾಡಿದೆ. ನಿನಗ ಉರಿಯೂದು ನನಗ ತಿಳೀಲಿಲ್ಲವಾ." ನಾನು ಅವಳ ಕೈ ಹಿಡಿದುಕೊಂಡೆ. ಸಿಟ್ಟು ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದನ್ನು ಯಾರ ಮೇಲೆ ತೋರಿಸಬೇಕೋ ತಿಳಿಯಲಿಲ್ಲ.

ಮರುದಿನದಿಂದ ಅವ್ವ ಶಾಂಪೂವಿನ ಉಸ್ತುವಾರಿಯನ್ನೂ ತಾನೇ ವಹಿಸಿಕೊಂಡಳು. ಹಚ್ಚಿ, ಬಚ್ಚಲ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಲ್ಲುವಳು. ಬೇಗ ತಂಬಿಗೆ ಎತ್ತಿದರೆ ಗದರುವಳು. "ಇನ್ನ ಆಗಿಲ್ಲ, ಕೂಡ್ರು!" ಆಮೇಲೆ ತಾನೇ ಫ್ಯಾನ್ ಹಾಕಿ, ಬೇರೆ ಕಡೆ ಮುಖ ಮಾಡಿ ಕೂರುವಳು. ಅದನ್ನು ನೋಡಲಾಗದ ಹಾಗೆ.

ಪೂಜೆಯ ಢಾಕ್ ಡೋಲಿನ ಸದ್ದು ಓಣಿಯಲ್ಲಿ ಶುರುವಾಗುವ ಹೊತ್ತಿಗೆ ಕೆಂಪು ಇಳಿದಿತ್ತು. ಕೂಸಿನ ನೆತ್ತಿಯ ಪೊರೆ ನಿಧಾನಕ್ಕೆ ಸಡಿಲಾಗಿ, ಚಳಿ ಹತ್ತುವ ಮೊದಲೇ ಹೋಯಿತು. ಅವ್ವ ಊರಿಗೆ ಮರಳಿದಳು. ನಾನು ಕೆಲಸಕ್ಕೆ ಹೋಗತೊಡಗಿದೆ. ಹೋಯಿತಲ್ಲ ಎಂದು ಶಾಂಪೂ ಬಿಟ್ಟೆ.

ಜನವರಿಯಲ್ಲಿ ಮತ್ತೆ ಬಂತು. ಮೂಗಿನ ಎರಡೂ ಪಕ್ಕ ಕೆಂಪಗಾಗಿ ಸಿಪ್ಪೆ ಏಳುತ್ತಿತ್ತು. ಡಾಕ್ಟರ ಮಾತೆಲ್ಲ ನೆನಪಿತ್ತು, ಆದರೂ ಹೆದರಿಕೆ ಮೊದಲಿನಷ್ಟೇ ಚುರುಕಾಗಿ ಬಂತು. ಬಹುಶಃ ಇದೂ ಆ ಕಾಯಿಲೆಯ ಜೊತೆ ಹೋಗಿ ಬರುತ್ತಲೇ ಇರುತ್ತದೆ. ಶಾಂಪೂ ಹುಡುಕಿ ತೆಗೆದಿಟ್ಟೆ.

ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಎತ್ತಿಕೊಂಡೆ. ಅದಕ್ಕೀಗ ಹಲ್ಲು ಬರುವ ಸಮಯ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಎರಡೂ ಅಂಗೈಗಳಿಂದ ನನ್ನ ಕೆನ್ನೆ ಹಿಡಿದು ಮೂಗಿಗೆ ಬಾಯಿ ಹಾಕಿತು. ಸರಿಯಾಗಿ ಆ ಕೆಂಪು ಇದ್ದಲ್ಲಿ. ನನ್ನ ಕತ್ತು ತಾನಾಗಿ ಹಿಂದಕ್ಕೆ ಹೋಯಿತು. ಕೂಸು ನಕ್ಕು, ಆಟವೆಂದುಕೊಂಡು, ಮತ್ತೆ ಮುಂದೆ ಬಂತು.

ಈ ಸಲ ನಾನು ಅಲುಗಾಡಲಿಲ್ಲ. ಜೊಲ್ಲು ಇಳಿದು ಸಿಪ್ಪೆ ಎದ್ದ ಚರ್ಮ ಚುರುಚುರು ಎಂದಿತು. ಹೆದರಿಕೆ ಇನ್ನೂ ಇತ್ತು. ಇರಲಿ ಎಂದು ಮುಖವನ್ನು ಅದಕ್ಕೇ ಬಿಟ್ಟುಕೊಟ್ಟೆ.