ಕಳ್ಳ ಏನು ತೆಗೆದುಕೊಂಡು ಹೋದ?

ಆಗ ನಮ್ಮ ಹಡಗಲಿಯಲ್ಲಿ ಬೇಸಿಗೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ನಸುಕಿನಲ್ಲಿ ತೋಟದಿಂದ ಬಿಡಿಸಿ ತಂದ ಮಲ್ಲಿಗೆ ಮೊಗ್ಗು ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಗುಡ್ಡೆ ಬಿದ್ದಿರುತ್ತಿತ್ತು. ಅಪ್ಪ ಬುಟ್ಟಿ ಹೊತ್ತು ಮೊದಲ ಬಸ್ಸಿಗೆ ಓಡಿದ ಮೇಲೆ, ಉಳಿದದ್ದನ್ನು ಕಟ್ಟುತ್ತಾ ಅವ್ವ, ಅಕ್ಕ, ನಾನು ಕೂರುತ್ತಿದ್ದೆವು. ಕಟ್ಟುತ್ತಿದ್ದವರು ಅವರಿಬ್ಬರು. ದಾರ ಸಿಕ್ಕು ಮಾಡುವ ಕೆಲಸ ನನ್ನದು.

ಆ ವರ್ಷ ಗಿರಿಜಕ್ಕ ಎಸ್ಸೆಸ್ಸೆಲ್ಸಿ ಬರೆದಿದ್ದಳು. ರಿಸಲ್ಟಿನ ದಿನ ಇಡೀ ಓಣಿಯೇ ಪೇಪರಿನ ಮೇಲೆ ಬಗ್ಗಿ ಅವಳ ನಂಬರು ಹುಡುಕಿತು. ಇರಲಿಲ್ಲ. ಗಣಿತ ಕೈಕೊಟ್ಟಿತ್ತು. ಅಪ್ಪ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಅರಳು ಹುರಿದಂತೆ ಮಾತಾಡುತ್ತಿದ್ದ ಅಕ್ಕ ತಲೆ ತಗ್ಗಿಸಿ ಹೂ ಕಟ್ಟುವುದಷ್ಟನ್ನೇ ಮಾಡತೊಡಗಿದಳು. ನನಗೆ ಜಗಳಕ್ಕೂ ಜನ ಇಲ್ಲದಂತಾಯಿತು.

ಅಂಥ ಹೊತ್ತಿನಲ್ಲಿ ಪೇಪರಿನ ವಾರದ ಪುರವಣಿಯಲ್ಲಿ ಒಂದು ವಿಶೇಷ ಪದಬಂಧ ಬಂತು. ಟಿವಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಹಳೆಯ ನಗೆ ಕಾರ್ಯಕ್ರಮದ ಮರುಪ್ರಸಾರ ಇರುತ್ತಿತ್ತು. ಕಥೆ ಮುಂದುವರಿಯುವ ಧಾರಾವಾಹಿಯಲ್ಲ; ಚಿಕ್ಕ ಚಿಕ್ಕ ಪ್ರಹಸನಗಳು, ಒಂದು ಮುಗಿದರೆ ಇನ್ನೊಂದು. ಪದಬಂಧದ ಸುಳಿವುಗಳೆಲ್ಲ ಅದರವೇ. ಎಲ್ಲ ಸರಿ ತುಂಬಿ ಕಳಿಸಿದವರ ಹೆಸರನ್ನು ಅಚ್ಚು ಹಾಕುತ್ತೇವೆ ಎಂದು ಕೆಳಗೆ ಬರೆದಿತ್ತು. ಅಕ್ಕ ಕತ್ತರಿ ತಂದಳು.

"ನಂಬರಂತೂ ಬರ್ಲಿಲ್ಲ. ಹೆಸರಾದ್ರೂ ಬರ್ಲಿ ಪೇಪರ್‌ನ್ಯಾಗ" ಎಂದಳು. ಬಹಳ ದಿನದ ಮೇಲೆ ಅವಳ ಬಾಯಿಂದ ಬಂದ ಉದ್ದನೆಯ ಮಾತು ಅದು.

ಟಿವಿ ಇದ್ದದ್ದು ಪಕ್ಕದ ಬುಡೇನ್ ಕಾಕಾನ ಮನೆಯಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಸೈಕಲ್ ಅಂಗಡಿ. ಭಾನುವಾರ ಮಾತ್ರ ಅಂಗಡಿ ಮುಚ್ಚಿ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಾ, "ಬಂತೇನ್ಲೇ?" ಎಂದು ಕೂಗುವುದೇ ಅವನಿಗೆ ಹಬ್ಬ. ಪ್ರಹಸನಗಳೆಲ್ಲ ಅವನಿಗೆ ಬಾಯಿಪಾಠ. ಅವನನ್ನು ಕೇಳಿ ಕೇಳಿ ಅಕ್ಕ ಪದಬಂಧದ ಮನೆಗಳನ್ನೆಲ್ಲ ತುಂಬಿದಳು, ಒಂದು ಪದ ಬಿಟ್ಟು. ಅದರ ಪ್ರಹಸನವನ್ನು ಅವನೂ ನೋಡಿರಲಿಲ್ಲ.

ಆ ಭಾನುವಾರ ಅದೇ ಬಂತು. ಹಾಡುಹಗಲೇ ಒಬ್ಬ ಕಳ್ಳ ಒಂದು ಮನೆಗೆ ನುಗ್ಗುತ್ತಾನೆ. ಹೆಣ್ಣು ನೋಡಲು ಬಂದ ಗಂಡು ಇವನೇ ಎಂದು ತಿಳಿದು ಮನೆಯವರು ಅವನನ್ನು ಕೂರಿಸಿ ಉಪಚಾರ ಮಾಡುತ್ತಾರೆ. ಸುತ್ತ ಜನ, ಕದಿಯಲು ಪುರುಸೊತ್ತಿಲ್ಲ. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಕೊನೆಗೂ ಕಳ್ಳ ಎದ್ದು ನಿಂತ. ಕರೆಂಟು ಹೋಯಿತು.

ಮತ್ತೆ ಬರುವಷ್ಟರಲ್ಲಿ ಸೋಪಿನ ಜಾಹೀರಾತು. ಅಕ್ಕನ ಕೈಯಲ್ಲಿ ಸುಳಿವು ಹಾಗೇ ಉಳಿಯಿತು: 'ಕಳ್ಳ ಕೊನೆಗೆ ಕೈಯಲ್ಲಿ ಹಿಡಿದು ಹೊರಟಿದ್ದು.' ಮೂರಕ್ಷರ, ಕೊನೆಯದು 'ಗೆ'. ಪದಬಂಧ ಅಂಟಿಸಿದ ಕಾರ್ಡು ಮರುದಿನ ಅಂಚೆಗೆ ಬೀಳಲೇಬೇಕು.

"ತಂಬಿಗೆ" ಅಂದೆ ನಾನು.

"ಹಾಸಿಗೆ ಯಾಕ ಆಗಬಾರದು? ಜೋಳಿಗೆ?" ಅಕ್ಕನ ಕಣ್ಣು ತುಂಬಿಕೊಂಡವು.

ಬುಡೇನ್ ಕಾಕಾನಿಗೆ ತನ್ನ ಟಿವಿಯೇ ಮೋಸ ಮಾಡಿತೆಂಬ ನಾಚಿಕೆ. "ಅಳಬ್ಯಾಡವ್ವ. ಆಡಿ ನೋಡಾಣ ಬಾ. ನಾನು ಕಳ್ಳ. ಕಡೀಕ ಕೈಗೆ ಏನು ಸಿಗತೈತೋ ಅದಾ ಉತ್ತರ!"

ನಮ್ಮ ಪಡಸಾಲೆಯಲ್ಲೇ ಆಟ ಶುರುವಾಯಿತು. ಅವ್ವ ಮನೆಯೊಡತಿ, ಅಕ್ಕ ಮದುವೆ ಹೆಣ್ಣು. ನಾನು ನಾಯಿ. ಟಿವಿಯಲ್ಲಿ ನಾಯಿಯೇ ಇರಲಿಲ್ಲ, ಆದರೆ ನಾನು ಪಾತ್ರವಿಲ್ಲದೆ ಕೂರುವ ಪೈಕಿಯಲ್ಲ. ಕಾಕಾ ಮೀಸೆಗೆ ಮಸಿ ಬಳಿದುಕೊಂಡು ಕಳ್ಳಹೆಜ್ಜೆ ಇಡುತ್ತಾ ಒಳಗೆ ಬಂದ.

"ಬರ್ರಿ ಬರ್ರಿ, ಬಿಸಲಾಗ ಬಂದೀರಿ" ಎಂದು ಅವ್ವ ಚಾಪೆ ಹಾಸಿದಳು. ಬರೀ ತಟ್ಟೆ ಇಟ್ಟರೆ ಸಾಕಿತ್ತು. ಅವ್ವನಿಗೆ ಅದು ಆಗದು. ನಿಜವಾದ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ. ಕಾಕಾ ತಾಮ್ರದ ಹಂಡೆಯ ಕಡೆ ಕಣ್ಣು ಹಾಯಿಸಿದಾಗಲೆಲ್ಲ ನಾನು ಬೊಗಳಿದೆ.

"ನಾನು ಕಳ್ಳ ಅದೀನಿ ತಂಗೀ. ಇಷ್ಟು ಮರ್ಯಾದಿ ಕೊಟ್ರ ಹೆಂಗ ಕದೀಲಿ?" ಎಂದು ಅವನು ಗೋಳಾಡಿದ. ಬಾಗಿಲಲ್ಲಿ ನಿಂತಿದ್ದ ಓಣಿಯ ಜನ ಬಿದ್ದು ಬಿದ್ದು ನಕ್ಕರು. ಮದುವೆ ಹೆಣ್ಣು ಕೂಡ ಸೆರಗಿನಲ್ಲಿ ನಗುತ್ತಿತ್ತು.

ಕಡೆಗೆ ಕಳ್ಳ ಎದ್ದ. ಅವ್ವ ಪಕ್ಕದ ಗುಡ್ಡೆಯಿಂದ ಒಂದು ಮಾಲೆ ಎತ್ತಿ, "ಹಂಗಾ ಹೋಗಬ್ಯಾಡಣ್ಣ, ಇದನ್ನ ಒಯ್ಯಿ. ಮನ್ಯಾಗ ಹೆಣಮಕ್ಕಳು ಮುಡಕಳ್ಳಿ" ಎಂದಳು. ಅವಳಿಗೆ ಅದು ನಾಟಕದ ಮಾತಲ್ಲ, ದಿನದ ರೂಢಿ. ಕಾಕಾ ಕೂಡ ಕಳ್ಳತನ ಮರೆತು ಎರಡೂ ಕೈ ಚಾಚಿ ತೆಗೆದುಕೊಂಡ. "ಆತು ತಂಗಿ, ಬರ್ತೀನಿ" ಎಂದು ಹೊಸ್ತಿಲು ದಾಟಿದ.

"ಮಲ್ಲಿಗೆ!" ಅಕ್ಕ ಚೀರಿದಳು.

ಮೂರಕ್ಷರ, ಕೊನೆಗೆ 'ಗೆ'. ಯಾರಿಗೂ ಅನುಮಾನವೇ ಬರಲಿಲ್ಲ. ನಮ್ಮೂರಲ್ಲಿ ಹೂವಿನ ಕಾಲಕ್ಕೆ ಕರೆಂಟ್ ಬಿಲ್ಲಿನವನೂ ಬರಿಗೈಲಿ ಹೋಗುತ್ತಿರಲಿಲ್ಲ, ಇನ್ನು ಕಳ್ಳ ಹೋದಾನೆಯೇ? ಅಕ್ಕ ಕಾರ್ಡಿನಲ್ಲಿ ಉಳಿದ ಜಾಗದಲ್ಲಿ ಸತ್ಯವನ್ನೂ ಬರೆದಳು: 'ಇಲ್ಲಿ ಕರೆಂಟ್ ಹೋಗಿತ್ತು. ಮನೆಗೆ ಬಂದವರನ್ನು ನಾವು ಮಲ್ಲಿಗೆ ಕೊಡದೆ ಕಳಿಸುವುದಿಲ್ಲ. ಕಳ್ಳನಾದರೂ ಅಷ್ಟೇ.'

ಉತ್ತರ ಬಂದ ದಿನ ಅಕ್ಕನೇ ಪುರವಣಿ ಬಿಚ್ಚಿದಳು. 'ತಂಬಿಗೆ' ಎಂದಿತ್ತು. ನಾನು ಹೇಳಿದ್ದೇ ಸರಿ ಎಂದು ಕುಣಿಯಬೇಕಿತ್ತು, ಅವಳ ಮುಖ ನೋಡಿ ಕಾಲೇ ಏಳಲಿಲ್ಲ. ಸರಿ ಉತ್ತರದವರ ಹೆಸರುಗಳು ಇರುವೆಸಾಲಿನಂತೆ ಒತ್ತೊತ್ತಾಗಿ ಇದ್ದವು. ಅವಳದಿರಲಿಲ್ಲ. ಪುರವಣಿ ಮಡಚಿಟ್ಟು ದಾರ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಬುಡೇನ್ ಕಾಕಾ ಅಂಗಡಿಯ ಗ್ರೀಸು ಕೈಯಲ್ಲೇ ತನ್ನ ಪೇಪರು ಹಿಡಿದು ಓಡಿಬಂದ. "ಏ ಗಿರಿಜವ್ವಾ, ಕೆಳಗ ನೋಡಿಯೇನು? ಕೆಳಗ!"

ಹೆಸರುಗಳ ಕೆಳಗೆ ಒಂದು ಚೌಕ. ದಪ್ಪಕ್ಷರದಲ್ಲಿ ಹೀಗಿತ್ತು: 'ಹೂವಿನಹಡಗಲಿಯ ಗಿರಿಜಾ ನಮ್ಮ ಕಳ್ಳನಿಗೆ ಮಲ್ಲಿಗೆ ಕೊಟ್ಟು ಕಳಿಸಿದ್ದಾರೆ. ಉತ್ತರ ತಪ್ಪು. ಆದರೆ ಕಳ್ಳ ಅವರ ಮನೆಗೇ ಹೋಗಬೇಕಿತ್ತು.'

ಅಕ್ಕ ಒಮ್ಮೆ ಓದಿದಳು, ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಆಮೇಲೆ ನಕ್ಕಳು ನೋಡಿ, ಹೂವಿನ ಗುಡ್ಡೆಯ ಮೇಲೇ ಉರುಳಿದಳು. ಅವ್ವ "ಏ, ಮೊಗ್ಗು ನಲಗತಾವ!" ಎಂದು ಬೈಯುತ್ತಲೇ ಅವಳ ಜೊತೆ ನಕ್ಕಳು. ನನಗೆ ಅಳುವೂ ಬಂತು, ಯಾಕೆಂದು ಆಗ ತಿಳಿಯಲಿಲ್ಲ. ಅಪ್ಪ ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೂವಿನ ವ್ಯಾಪಾರಿಗಳಿಗೆಲ್ಲ ತೋರಿಸಿಬಂದ. "ತಪ್ಪಂತ ಬರದಾರಲ್ಲೋ" ಎಂದು ಯಾರೋ ಅಂದರೆ, "ತಪ್ಪು ಮಾಡಿದ್ರೂ ನನ್ನ ಮಗಳು ಹಿಂಗ ಮಾಡತಾಳ" ಎಂದನಂತೆ. ಆ ಹುರುಪಿನಲ್ಲೇ ಅಕ್ಕ ಮತ್ತೆ ಪರೀಕ್ಷೆಗೆ ಕಟ್ಟಿ ಗಣಿತ ಪಾಸು ಮಾಡಿದಳು.

ಮೊನ್ನೆ ಆ ಪ್ರಹಸನ ಫೋನಿನಲ್ಲಿ ಸಿಕ್ಕಿತು. ನಿಂತಲ್ಲೇ ಪೂರ್ತಿ ನೋಡಿದೆ. ಕಳ್ಳ ತಂಬಿಗೆ ಹಿಡಿದು ಓಡಿದ. ನಗು ಬಂತು, ಸ್ವಲ್ಪ. ಪಕ್ಕದಲ್ಲಿ ಯಾರೂ ಇರಲಿಲ್ಲ. ಈಗ ಮುಂದೇನಾಯಿತೆಂದು ತಿಳಿಯಲು ನೆರೆಮನೆಯವರು ಮೀಸೆಗೆ ಮಸಿ ಬಳಿದುಕೊಳ್ಳಬೇಕಿಲ್ಲ. ಪದಬಂಧವನ್ನೂ ನಾನು ಫೋನಿನಲ್ಲೇ ಆಡುತ್ತೇನೆ. ತಪ್ಪು ಬರೆದ ತಕ್ಷಣ ಮನೆ ಕೆಂಪಾಗುತ್ತದೆ. ಯಾಕೆ ಹಾಗೆ ಬರೆದೆ ಎಂದು ಹೇಳಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ.